ವಿಕ್ಟೋರಿಯಾ ಕಾಲದ ಸ್ಟುಡಿಯೊ ಫೋಟೊಗ್ರಾಫರ್‌ಗಳ ಜಾತಕ ಹುಡುಕೋದು ಹೇಗೆ?

ನಾಟಿಂಗ್‌ಹ್ಯಾಮ್_ಮಲೆನಾಡು

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಹಳೇ ಸಾಮಾನಿನ ಸಂತೆಯಲ್ಲಿ ಒಂದೆರಡು ಪೌಂಡಿಗೆ ವಿಕ್ಟೋರಿಯಾ ರಾಣಿ ಕಾಲದ ಫೋಟೊ ಕಾರ್ಡುಗಳು ಸಿಗುತ್ತವೆ. ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಪಟ, ಹಿಂದುಗಡೆ ಸ್ಟುಡಿಯೊ ಹೆಸರು, ವಿಳಾಸ, ಸುತ್ತ ಬಳ್ಳಿ-ಹೂವಿನ ಚಿತ್ತಾರ. ನೋಡಿದವರೆಲ್ಲ ಪಟದಲ್ಲಿರೋರು ಯಾರು ಅಂತ ಕೇಳ್ತಾರೆ. ನನಗೆ ಮಾತ್ರ ತೆಗೆದವರು ಯಾರು ಅನ್ನೋದೇ ತಲೆಗೆ ಹತ್ತಿಕೊಂಡಿದೆ. ಎಲ್ಲಿ ಹುಟ್ಟಿದ, ಈ ಕಸುಬಿಗೆ ಹೇಗೆ ಬಂದ, ಹೊಟ್ಟೆಪಾಡು ನಡೆಯಿತಾ, ಕೊನೆಗೆ ಏನಾದ, ಇಷ್ಟು ತಿಳಿಯಬೇಕು.

ಸದ್ಯ ಕೈಯಲ್ಲಿ ಮೂರು ಕಾರ್ಡು ಇವೆ.

ಮೊದಲನೆಯದು ಸಣ್ಣ ಕಾರ್ಡು, ಕಾರ್ಟ್ ಡಿ ವಿಸಿಟ್ ಅಂತಾರಲ್ಲ ಅದು. ‘ಸರೋನಿ, ಸ್ಕಾರ್ಬರೊ’ ಅಂತಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಒಬ್ಬ ಸರೋನಿ ಯಾರ್ಕ್‌ಶೈರಿನಲ್ಲಿ, ಇನ್ನೊಬ್ಬ ನ್ಯೂಯಾರ್ಕ್‌ನಲ್ಲಿ. ಒಬ್ಬನೋ ಇಬ್ಬರೋ?

ಎರಡನೆಯದು ಡರ್ಬಿಶೈರಿನ ಒಂದು ಪುಟ್ಟ ಊರಿನ ಸ್ಟುಡಿಯೊದ್ದು. ಈತನ ಬಗ್ಗೆ ಎಲ್ಲೂ ಒಂದಕ್ಷರ ಇಲ್ಲ. ವಂಶದವರು ಅದೇ ಊರಲ್ಲಿ ಇರಬಹುದು, ಹಾಗಾಗಿ ಹೆಸರು ಹಾಕೋದಿಲ್ಲ. ನಿಜವಾಗಿ ಹಿಡಿಯಬೇಕಾಗಿರೋದು ಇವನನ್ನೇ.

ಮೂರನೆಯದನ್ನು ನೋಡಿ ನಾನೇ ಬೆಚ್ಚಿಬಿದ್ದೆ. ದೊಡ್ಡ ಕ್ಯಾಬಿನೆಟ್ ಕಾರ್ಡು, ಕೆಳಗೆ ‘ಬಾರ್ಟನ್, ಸನ್ ಅಂಡ್ ಕಂ., ಬ್ಯಾಂಗಲೋರ್’. ಮೀಸೆಯ ಒಬ್ಬ ಸೋಲ್ಜರ್ ಕುರ್ಚಿ ಹಿಡಿದು ನಿಂತಿದ್ದಾನೆ. ನಮ್ಮ ದಂಡಿನಲ್ಲಿ ತೆಗೆಸಿಕೊಂಡ ಪಟ ಇಲ್ಲಿನ ಸಂತೆಯ ರಟ್ಟಿನ ಡಬ್ಬಿಯಲ್ಲಿ!

ಎಲ್ಲಿಂದ ಶುರು ಮಾಡಲಿ? ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ.

ಗೆಜೆಟ್‌ಹುಳ

ಸರೋನಿ ಇಬ್ಬರು. ಅಣ್ಣತಮ್ಮಂದಿರು, ಇಬ್ಬರೂ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವರು. ಆಲಿವರ್ ಸರೋನಿ ಇಂಗ್ಲೆಂಡಿಗೆ ಬಂದು ಊರೂರು ಸುತ್ತಿ ಪಟ ತೆಗೆದು, 1857ರಲ್ಲಿ ಸ್ಕಾರ್ಬರೊದಲ್ಲಿ ನೆಲೆ ನಿಂತ. ಸಮುದ್ರ ತೀರಕ್ಕೆ ಗಾಳಿ ಬದಲಾವಣೆಗೆ ಬರುವ ಶ್ರೀಮಂತರೇ ಗಿರಾಕಿಗಳು. ಸ್ಟುಡಿಯೊ ಇದ್ದ ಜಾಗಕ್ಕೆ ಸರೋನಿ ಸ್ಕ್ವೇರ್ ಅಂತಲೇ ಹೆಸರು ಬಿತ್ತು ಅಂದರೆ ವ್ಯಾಪಾರ ಹೇಗಿತ್ತು ಲೆಕ್ಕ ಹಾಕಿ. ತಮ್ಮ ನೆಪೋಲಿಯನ್ ಸರೋನಿ 1860ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸ್ವಲ್ಪ ಕಾಲ ಸ್ಟುಡಿಯೊ ನಡೆಸಿ ಆಮೇಲೆ ನ್ಯೂಯಾರ್ಕಿಗೆ ಹೋದ. 1882ರಲ್ಲಿ ಆಸ್ಕರ್ ವೈಲ್ಡ್ ಪಟಗಳನ್ನು ತೆಗೆದವನು ಇವನೇ. ಆ ಪಟವನ್ನು ಕದ್ದು ಅಚ್ಚು ಹಾಕಿದವರ ಮೇಲೆ ಹಾಕಿದ ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1884ರಲ್ಲಿ ಗೆದ್ದ. ಫೋಟೊಗೂ ಕೃತಿಸ್ವಾಮ್ಯ ಉಂಟು ಅಂತ ಆ ದೇಶದಲ್ಲಿ ಗಟ್ಟಿಯಾಗಿದ್ದು ಆ ತೀರ್ಪಿನಿಂದ.

ಇನ್ನೊಂದು ವಿಷಯ. ಆಲಿವರ್ ತೀರಿಕೊಂಡಿದ್ದು 1879ರಲ್ಲಿ, ಅಂಗಡಿ ಅದೇ ಹೆಸರಲ್ಲಿ ಮುಂದುವರಿಯಿತು. ನಿಮ್ಮ ಕಾರ್ಡು ಯಾವ ಕಾಲದ್ದು ಅಂತ ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಸತ್ತವನ ಕೈಯಲ್ಲಿ ಕ್ಯಾಮೆರಾ ಕೊಟ್ಟ ಹಾಗಾಗುತ್ತದೆ.

ಈಗ ಡರ್ಬಿಶೈರಿನವನು. ಹೆಸರು ಹಿಡಿದು ಹೋಗಬೇಡಿ, ವಿಳಾಸ ಹಿಡಿದು ಹೋಗಿ. ಸ್ಟುಡಿಯೊದ ಹೆಸರು ಮಾರಾಟದ ಸರಕು, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಡಬ್ಲಿನ್‌ನ ‘ಲಫಾಯೆತ್’ ಸ್ಟುಡಿಯೊ ನೋಡಿ, ಪ್ಯಾರಿಸ್ಸಿನ ದೊಡ್ಡ ಕಲಾವಿದ ಅನ್ನಿಸಬೇಕು, ಆದರೆ ಮಾಲೀಕ ಜೇಮ್ಸ್ ಸ್ಟ್ಯಾಕ್ ಲಾಡರ್, ಅಪ್ಪಟ ಡಬ್ಲಿನ್ನಿನವ, ಅಪ್ಪನೂ ಅಲ್ಲೇ ಫೋಟೊಗ್ರಾಫರ್. ರಾಣಿಯ ಪಟ ತೆಗೆದು 1860ರಲ್ಲಿ ‘ರಾಯಲ್ ಆಲ್ಬಂ’ ಬಿಡುಗಡೆ ಮಾಡಿದ ಮೇಯಾಲ್ ಕೂಡ ಲಂಡನ್ನಿಗೆ ಬಂದ ಹೊಸದರಲ್ಲಿ ‘ಪ್ರೊಫೆಸರ್ ಹೈಸ್ಕೂಲ್’ ಅಂತ ಬೋರ್ಡು ಹಾಕಿಕೊಂಡಿದ್ದ. ಹುಟ್ಟಿನ ಕಡತದಲ್ಲಿ ಮೇಯಾಲ್ ಅನ್ನೋ ಹೆಸರೂ ಇರಲಿಲ್ಲ, ಜೇಬೆಜ್ ಮೀಲ್ ಅಂತಿತ್ತು. ಹೀಗಿರುವಾಗ ಹೆಸರನ್ನು ನಂಬಿ ಎಲ್ಲಿಗೆ ಹೋಗ್ತೀರಿ?

ಕಟ್ಟಡ ಹಾಗಲ್ಲ, ಇದ್ದಲ್ಲೇ ಇರುತ್ತದೆ. ಆ ಕಾಲದಲ್ಲಿ ಕೆಲ್ಲಿ, ಪೋಸ್ಟ್ ಆಫೀಸ್ ಡೈರೆಕ್ಟರಿ ಅಂತ ಜಿಲ್ಲೆಗೊಂದು ವ್ಯಾಪಾರಿಗಳ ಪಟ್ಟಿ ಪ್ರಕಟವಾಗುತ್ತಿತ್ತು. ಲೆಸ್ಟರ್ ವಿಶ್ವವಿದ್ಯಾಲಯದವರು ಅವುಗಳ ದೊಡ್ಡ ರಾಶಿಯನ್ನೇ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ನಿಮ್ಮ ವಿಳಾಸದಲ್ಲಿ ಮೊದಲು ಯಾರಿದ್ದರು, ಆಮೇಲೆ ಯಾರು ಬಂದರು, ಸಾಲಾಗಿ ನೋಡುತ್ತಾ ಹೋಗಿ. ಅದಾದ ಮೇಲೆ ಹತ್ತು ವರ್ಷಕ್ಕೊಮ್ಮೆ ಆದ ಜನಗಣತಿ. ಅದಾದ ಮೇಲೆ ‘ಲಂಡನ್ ಗೆಜೆಟ್’. ಪಾಲುದಾರಿಕೆ ಮುರಿದರೆ, ದಿವಾಳಿ ಎದ್ದರೆ ಅದರಲ್ಲಿ ಪ್ರಕಟಣೆ ಬರುತ್ತಿತ್ತು, ಅದೂ ಈಗ ಅಂತರ್ಜಾಲದಲ್ಲಿ ಪುಕ್ಕಟೆ.

ನನ್ನ ಅನುಭವದಲ್ಲಿ ನೆಟ್ಟಗೆ ಬಾಳಿದ ಫೋಟೊಗ್ರಾಫರ್ ಕಡತಕ್ಕೆ ಸಿಗೋದೇ ಇಲ್ಲ. ಸಾಲಗಾರರು ಬಾಗಿಲಿಗೆ ಬಂದವನು, ಪಾಲುದಾರನ ಜೊತೆ ಜಗಳ ಆಡಿದವನು, ಸ್ಟುಡಿಯೊಗೆ ಬೆಂಕಿ ಬಿದ್ದವನು, ಇವರೇ ಪುಟಗಟ್ಟಲೆ ಸಿಗೋದು. 1841ರ ಮಾರ್ಚ್ 23ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಮಾಳಿಗೆ ಮೇಲೆ ದೇಶದ ಮೊದಲ ಸಾರ್ವಜನಿಕ ಸ್ಟುಡಿಯೊ ತೆರೆದ ರಿಚರ್ಡ್ ಬಿಯರ್ಡ್ ಬಗ್ಗೆ ಇಷ್ಟೊಂದು ಗೊತ್ತಿರೋದು ಹೇಗೆ? ಪಟ ತೆಗೆಯುವ ವಿಧಾನದ ಪೇಟೆಂಟ್ ಹಕ್ಕಿಗಾಗಿ ಕೋರ್ಟು ಅಲೆದ, 1850ರ ಹೊತ್ತಿಗೆ ದಿವಾಳಿ ಎದ್ದ, ಎಲ್ಲವೂ ದಾಖಲಾಯಿತು.

ಅಂಚುಸೆರಗು

ಕಾಲ ಗುರುತಿಸೋಕೆ ಒಂದೆರಡು ಮಾತು. ಪಟಕ್ಕಿಂತ ರಟ್ಟು ನೋಡಿ. 1860ರ ದಶಕದ ಕಾರ್ಡು ತೆಳು, ಮೂಲೆಗಳು ಚೌಕ, ಹಿಂದೆ ಸಣ್ಣಕ್ಷರದಲ್ಲಿ ಹೆಸರು-ವಿಳಾಸ ಅಷ್ಟೆ. 1870ರ ದಶಕದಲ್ಲಿ ಮೂಲೆ ದುಂಡಗಾಗುತ್ತದೆ, ರಟ್ಟು ದಪ್ಪ ಆಗುತ್ತದೆ. 1880, 90ರ ದಶಕಕ್ಕೆ ಬಂದರೆ ಹಿಂಬದಿ ಪೂರ್ತಿ ಅಲಂಕಾರ. ಬಿದಿರು, ಬೀಸಣಿಗೆ, ಕೊಕ್ಕರೆ, ಜಪಾನಿ ಗೀಳು. ಅಂಚಿಗೆ ಬಂಗಾರದ ಬಣ್ಣ. ಕ್ಯಾಬಿನೆಟ್ ಕಾರ್ಡು 1866ರಿಂದ ಈಚೆಗೆ ಬಂದದ್ದು, ಅದಕ್ಕೆ ಮುಂಚಿನದು ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಉಡುಪು ನೋಡಿ ಹೇಳ್ತೀನಿ ಅನ್ನೋರಿಂದ ಸ್ವಲ್ಪ ದೂರ ಇರಿ. ನಾನು ಬಟ್ಟೆಯ ಇತಿಹಾಸ ಓದಿದವಳಾಗಿಯೇ ಈ ಮಾತು ಹೇಳ್ತಿದ್ದೀನಿ. ಹದಿನೆಂಟರ ಹುಡುಗಿಯ ತೋಳಿನ ಉಬ್ಬು ನೋಡಿದರೆ ಎರಡು-ಮೂರು ವರ್ಷದ ಅಂತರದಲ್ಲಿ ಕಾಲ ಹೇಳಬಹುದು. ಅರವತ್ತರ ಅಜ್ಜಿ ಮದುವೆಯಲ್ಲಿ ಹೊಲಿಸಿದ ರೇಷ್ಮೆ ಅಂಗಿಯನ್ನೇ ಹಾಕಿಕೊಂಡು ಬಂದಿರುತ್ತಾಳೆ. ಗಂಡಸರ ಕೋಟಂತೂ ಇನ್ನೂ ಕಷ್ಟ, ಎಷ್ಟೋ ಸ್ಟುಡಿಯೊಗಳಲ್ಲಿ ಬಾಡಿಗೆ ಕೋಟೇ ಇಟ್ಟಿರುತ್ತಿದ್ದರು.

ಎಡ್ವರ್ಡ್ ದೊರೆಯ ಕಾಲದ (1901-10) ಪೋಸ್ಟ್‌ಕಾರ್ಡ್ ಪಟಗಳಿಗೆ ಒಂದು ಸುಲಭದ ಗುರುತು ಇದೆ. ಹಿಂಭಾಗದಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯೋಕೆ ಬ್ರಿಟನ್ನಿನ ಅಂಚೆಯವರು ಒಪ್ಪಿಗೆ ಕೊಟ್ಟಿದ್ದು 1902ರಲ್ಲಿ. ಗೆರೆ ಇದ್ದರೆ ಅದಕ್ಕಿಂತ ಹಿಂದಿನದಲ್ಲ.

ಗೆಜೆಟ್‌ಹುಳ

@ಅಂಚುಸೆರಗು ರಟ್ಟಿನ ವಿಷಯ ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಸಣ್ಣ ಊರಿನವರು ಲಂಡನ್ನಿನಿಂದಲೋ ಪ್ಯಾರಿಸ್ಸಿನಿಂದಲೋ ಅಚ್ಚಾದ ರಟ್ಟನ್ನು ಸಾವಿರದ ಲೆಕ್ಕದಲ್ಲಿ ತರಿಸುತ್ತಿದ್ದರು. ಗಿರಾಕಿ ಕಡಿಮೆ ಇದ್ದರೆ ಆ ದಾಸ್ತಾನು ಮುಗಿಯೋಕೆ ವರ್ಷಗಳೇ ಬೇಕು. ಹಾಗಾಗಿ ಹಳೇ ಮಾದರಿಯ ರಟ್ಟು ಹೊಸ ಪಟಕ್ಕೆ ಬರುತ್ತದೆ. ಹೊಸ ಮಾದರಿಯ ರಟ್ಟಿಗೆ ಹಳೇ ಪಟ ಅಂಟಿದ್ದರೆ ಅದು ಮರುಪ್ರತಿ. ‘ನೆಗೆಟಿವ್ ಕಾಯ್ದಿರಿಸಲಾಗಿದೆ, ಯಾವಾಗ ಬೇಕಾದರೂ ಪ್ರತಿ ದೊರೆಯುತ್ತದೆ’ ಅಂತ ಹಿಂದೆ ಅಚ್ಚು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಅಂಚುಸೆರಗು

ದೊಡ್ಡ ಊರಿನವರಿಗೆ ಆ ಮಾತು ಅನ್ವಯಿಸೋದಿಲ್ಲ ಗೆಜೆಟ್ ಸಾಹೇಬರೇ. ಎ ಅಂಡ್ ಜಿ ಟೇಲರ್ ತರಹದವರ ಕಾರ್ಡಿನ ಹಿಂದೆ ಶಾಖೆಗಳ ಪಟ್ಟಿಯೇ ಇರುತ್ತದೆ. ಹೊಸ ಊರು ಸೇರಿದ ಹಾಗೆ ಪಟ್ಟಿ ಉದ್ದ ಆಗುತ್ತದೆ. ಅಲ್ಲಿ ಕಾಲ ಕಟ್ಟೋದು ಸಲೀಸು.

ಕುಡ್ಲದ_ಮೀನು

ಒಂದು ಕೇಳ್ಲಿಕ್ಕುಂಟು, ಬೇಜಾರು ಮಾಡ್ಬೇಡಿ. ನೂರೈವತ್ತು ವರ್ಷದ ಹಿಂದಿನ ಯಾರೋ ಅಂಗಡಿಯವನ ಕಥೆ ಕಟ್ಟಿಕೊಂಡು ನಮಗೆ ಎಂತ ಆಗ್ಬೇಕು ಮಾರಾಯ್ರೆ?

ಡಾರ್ಕ್‌ರೂಮ್_ಧಾರವಾಡ

ಕುಡ್ಲದವರ, ನಾ ಹೇಳ್ತೀನಿ ಕೇಳ್ರಿ. ನಮ್ಮ ಅಪ್ಪಾರ ಕಾಲದಿಂದ ನಮ್ದು ಸ್ಟುಡಿಯೊ. ನಾಳೆ ನಮ್ಮನ್ನ ಹುಡುಕಾವ್ರು ಯಾರರ ಇದ್ರ ಬ್ಯಾಡ ಅನ್ನಂಗಿಲ್ಲ ನಾ.

ಈಗ ಆ ಕಾಲದ ಕೆಲಸ ಹೆಂಗಿತ್ತು ಅನ್ನೋದು ತಿಳಕೊಳ್ಳದ ಅವರ ಬದುಕು ತಿಳಿಯೂದಿಲ್ರಿ. 1851ರಾಗ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನಾವ ಒದ್ದಿ ಕೊಲೋಡಿಯನ್ ವಿಧಾನ ತಂದ. ಪೇಟೆಂಟ್ ತಗೊಳ್ಳಲಿಲ್ಲ, ಅದಕ್ಕ ಊರಿಗೆಲ್ಲ ಹರಡ್ತು. ಅಂವಾ ಮಾತ್ರ 1857ರಾಗ ಬಡವಾಗೇ ಸತ್ತ. ಗಾಜಿನ ಮ್ಯಾಲೆ ಜಿಗಟು ಕೊಲೋಡಿಯನ್ ಹುಯ್ದು, ನಾಲ್ಕೂ ಮೂಲಿಗೆ ಹರಿಯೂ ಹಂಗ ಗಾಜು ವಾಲಿಸಿ, ಹೆಚ್ಚಾದದ್ದನ್ನ ಬಾಟ್ಲಿಗೆ ವಾಪಸ್ ಬಸಿಬೇಕು. ಆಮ್ಯಾಲೆ ಕತ್ತಲ ಕೋಣಿಯೊಳಗ ಸಿಲ್ವರ್ ನೈಟ್ರೇಟ್ ನೀರಿನಾಗ ಮುಳುಗಿಸಿ ತಗದು, ಹಸಿ ಇದ್ದಾಗನ ಕ್ಯಾಮೆರಾಕ್ಕ ಹಾಕಿ, ಪಟ ತಗದು, ಓಡಿ ಬಂದು ತೊಳಿಬೇಕು. ಎಲ್ಲಾ ಸೇರಿ ಹತ್ತು ನಿಮಿಷದ ಆಟ. ಒಣಗಿತಂದ್ರ ಮುಗೀತು. ಅದಕ್ಕ ಸ್ಟುಡಿಯೊ ಅಟ್ಟದ ಮ್ಯಾಲೆ, ಉತ್ತರಕ್ಕ ಮುಖ ಮಾಡಿದ ಗಾಜಿನ ಮಾಳಗಿ, ಮಗ್ಗಲಕ್ಕ ಕತ್ತಲ ಕೋಣಿ. ಗಿರಾಕಿಯ ತಲಿ ಅಲಗಾಡಬಾರದಂತ ಹಿಂದ ಕಬ್ಬಿಣದ ಚಿಮಟ. ನಿಮ್ಮ ಕಾರ್ಡಿನಾಗ ನಿಂತವನ ಕಾಲ ಹಿಂದ ಒಂದು ಕಬ್ಬಿಣದ ಪಾದ ಕಾಣಸ್ತದೇನು ನೋಡ್ರಿ.

ಸಿಲ್ವರ್ ನೈಟ್ರೇಟ್ ಬೆರಳಿಗೆ ಹತ್ತಿದ್ರ ಕರ್ರಗ ಆಗ್ತದ, ಸಾಬಾಣಕ್ಕ ಹೋಗಂಗಿಲ್ಲ. ಆ ಕಲೆ ತಗಿಯಾಕ ಪೊಟ್ಯಾಸಿಯಂ ಸಯನೈಡ್ ಹಳ್ಳು ತಗೊಂಡು ಕೈಗೆ ತಿಕ್ಕತಿದ್ರು! ನೆಗೆಟಿವ್ ಫಿಕ್ಸ್ ಮಾಡಾಕೂ, ಅಂದ್ರ ಪಟ ಬೆಳಕಿಗೆ ಕೆಡದಂಗ ನಿಲ್ಲಸಾಕೂ, ಅದನ್ನ ಬಳಸತಿದ್ರು. ಬೆರಳಿನಾಗ ಗಾಯ ಇದ್ರ ಜೀವಕ್ಕ ಸಂಚಕಾರ. ಕುಡಿಯೂ ಲೋಟ, ಔಷಧದ ಲೋಟ ಅದಲು ಬದಲಾಗಿ ಸತ್ತಾವ್ರೂ ಅದಾರ. ಅಂಥಾ ಸಾವಿಗೆ ಅಲ್ಲಿ ಕಾರೊನರ್ (ಅಸಹಜ ಸಾವು ವಿಚಾರಿಸೂ ಅಧಿಕಾರಿ) ವಿಚಾರಣೆ ಆಗಬೇಕು, ಪತ್ರಿಕೆಯಾಗ ಬರಬೇಕು. ಅದಕ್ಕ ಹಳೇ ಪತ್ರಿಕೆಯಾಗ ‘ಫೋಟೊಗ್ರಾಫರ್’, ‘ಸಯನೈಡ್’ ಅಂತ ಎರಡೂ ಪದ ಹಾಕಿ ಹುಡುಕ್ರಿ.

ಇನ್ನೊಂದು. ಕಾರ್ಡಿನ ಮ್ಯಾಲೆ ಹೆಸರಿದ್ದಾವ ಕ್ಯಾಮೆರಾ ಮುಟ್ಟಿದ್ದನೋ ಇಲ್ಲೋ! ಪಟ ತಗಿಯಾವ ‘ಆಪರೇಟರ್’, ಸಂಬಳದವ. ಮಾಳಗಿ ಮ್ಯಾಲೆ ಬಿಸಲಿಗಿಟ್ಟು ಮೊಟ್ಟಿ ಲೋಳೆ ಹಚ್ಚಿದ ಕಾಗದದ ಮ್ಯಾಲೆ ಪ್ರತಿ ಇಳಸಾವ್ರು ಬ್ಯಾರೆ, ನೆಗೆಟಿವ್ ಮ್ಯಾಲೆ ಪೆನ್ಸಿಲ್ಲಿನಿಂದ ಸುಕ್ಕು ಅಳಸಾವ್ರು ಬ್ಯಾರೆ, ಬಣ್ಣ ಹಚ್ಚಾವ್ರು ಬ್ಯಾರೆ. ‘ಬ್ರಿಟಿಷ್ ಜರ್ನಲ್ ಆಫ್ ಫೋಟೊಗ್ರಫಿ’ ಹಿಂದಿನ ಪುಟದಾಗ ‘ಆಪರೇಟರ್ ಬೇಕಾಗಿದ್ದಾನೆ’ ಅಂತ ಸಾಲು ಸಾಲು ಜಾಹೀರಾತು ಬರತಿದ್ವು. ಅವನ್ನ ಯಾರೂ ಓದಂಗಿಲ್ಲ, ಓದಬೇಕು.

ಕುಡ್ಲದ_ಮೀನು

ಸಯನೈಡಲ್ಲಿ ಕೈ ತೊಳೀತಿದ್ರಾ! ಸರಿ, ನಾನು ಕೂತುಕೊಂಡೆ. ಮುಂದುವರಿಸಿ.

ಕ್ಯೂ_ಪೆನ್ಸಿಲ್

ಸಯನೈಡಿನ ಮಾತು ಬಂದಿದ್ದಕ್ಕೆ ಕಾಮಿಲ್ ಸಿಲ್ವಿ ನೆನಪಾದ. ಫ್ರೆಂಚ್‌ನವನು, 1859ರಲ್ಲಿ ಲಂಡನ್ನಿನ ಬೇಸ್‌ವಾಟರ್‌ನಲ್ಲಿ 38 ಪೋರ್ಚೆಸ್ಟರ್ ಟೆರೇಸ್ ಅನ್ನೋ ಮನೆಯಲ್ಲಿ ಸ್ಟುಡಿಯೊ ಇಟ್ಟ. ಲಂಡನ್ನಿನ ಶ್ರೀಮಂತರೆಲ್ಲ ಇವನ ಮುಂದೆ ನಿಂತು ಹೋದವರೇ. ಪಶ್ಚಿಮ ಆಫ್ರಿಕಾದಿಂದ ಹುಡುಗಿಯಾಗಿ ತರಲ್ಪಟ್ಟು, ರಾಣಿ ವಿಕ್ಟೋರಿಯಾಳ ಆಶ್ರಯದಲ್ಲಿ ಬೆಳೆದ ಸಾರಾ ಫೋರ್ಬ್ಸ್ ಬೊನೆಟ್ಟಾಳನ್ನೂ 1862ರಲ್ಲಿ ಸೆರೆಹಿಡಿದಿದ್ದಾನೆ. 1868ಕ್ಕೇ ಅಂಗಡಿ ಮುಚ್ಚಿ ಫ್ರಾನ್ಸಿಗೆ ಹೊರಟುಹೋದ. ನರ ಹಾಳಾಗಿದ್ದು ಡಾರ್ಕ್‌ರೂಮಿನ ಸಯನೈಡಿನಿಂದಲೇ ಅಂತ ಅವನು ನಂಬಿದ್ದ. ಕೊನೆಯ ವರ್ಷಗಳನ್ನು ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದು 1910ರಲ್ಲಿ ತೀರಿಕೊಂಡ.

ಸಂಶೋಧಕರ ಪಾಲಿಗೆ ಸಿಲ್ವಿ ಯಾಕೆ ಬಂಗಾರ ಅಂದರೆ ಅವನ ದಿನವಹಿಗಳು ಉಳಿದಿವೆ. ಯಾರು ಬಂದರು, ಯಾವತ್ತು ಬಂದರು, ಪಕ್ಕದಲ್ಲೇ ಆ ಪಟದ ಒಂದು ಪ್ರತಿ, ಕ್ರಮಸಂಖ್ಯೆ. ಹದಿನೇಳು ಸಾವಿರದಷ್ಟು ಸಿಟ್ಟಿಂಗ್. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ, ಬಹಳಷ್ಟನ್ನು ಜಾಲತಾಣದಲ್ಲೇ ನೋಡಬಹುದು. ಅದನ್ನು ತಿರುವಿಹಾಕುತ್ತಿದ್ದರೆ ಒಂದೇ ಕಂಬ, ಒಂದೇ ಮೇಜು ಎಷ್ಟು ಜನರ ಪಕ್ಕದಲ್ಲಿ ನಿಂತಿದೆ ಅನ್ನೋದು ನೋಡಿ ನಗು ಬರುತ್ತದೆ. ಹೆಚ್ಚಿನವರದು ಹೀಗೆ ಉಳಿದಿಲ್ಲ. ಬೇಕರ್ ಸ್ಟ್ರೀಟಿನ ಎಲಿಯಟ್ ಅಂಡ್ ಫ್ರೈ ಅಂಥ ಘಟಾನುಘಟಿಗಳ ಹಳೇ ನೆಗೆಟಿವ್ ಎರಡನೇ ಮಹಾಯುದ್ಧದ ಬಾಂಬಿಗೆ ಹೋದವು. ಸಣ್ಣವರದ್ದನ್ನು ಮಸಿ ತೊಳೆದು ತೋಟದ ಗಾಜಿನ ಮನೆಗೆ ಹಾಕಿಕೊಂಡರು.

ಲಂಡನ್ನಿನ ಕ್ಯೂ ಅನ್ನೋ ಬಡಾವಣೆಯಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ಗೆ (ಸರ್ಕಾರಿ ದಾಖಲೆಗಳ ಭಂಡಾರ) ನನಗೆ ಆಗಾಗ ಹೋಗೋದಿರುತ್ತದೆ. ಅಲ್ಲಿ ‘ಕಾಪಿ 1’ ಅನ್ನೋ ಸರಣಿ ಕೇಳಿ. 1862ರಲ್ಲಿ ಬಂದ ಕಾನೂನಿನ ಪ್ರಕಾರ ಪಟದ ಹಕ್ಕು ಬೇಕಿದ್ದವರು ಒಂದು ಶಿಲ್ಲಿಂಗ್ ಕಟ್ಟಿ ಸ್ಟೇಷನರ್ಸ್ ಹಾಲ್‌ನಲ್ಲಿ (ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಸಂಘದ ಕಚೇರಿ) ಅರ್ಜಿ ಹಾಕಬೇಕಿತ್ತು. 1912ರವರೆಗಿನ ಅರ್ಜಿಗಳು ಇವೆ, ಎಷ್ಟೋ ಅರ್ಜಿಗೆ ಪಟವನ್ನೇ ಅಂಟಿಸಿದ್ದಾರೆ. ತೆಗೆದವನ ಹೆಸರು, ಮನೆ ವಿಳಾಸ, ಸಹಿ. ಸ್ಟುಡಿಯೊ ಮಾಲೀಕ ಬೇರೆ, ತೆಗೆದವ ಬೇರೆ ಆಗಿದ್ದರೆ ಅದೂ ಗೊತ್ತಾಗುತ್ತದೆ. ಧಾರವಾಡದವರು ಹೇಳಿದ ಆಪರೇಟರ್ ಹೆಸರು ಸಿಗೋ ಕೆಲವೇ ಜಾಗಗಳಲ್ಲಿ ಇದೊಂದು. ಆದರೆ ಮಾರಾಟ ಆಗುವಂಥ ಪಟಕ್ಕೆ ಮಾತ್ರ ಶಿಲ್ಲಿಂಗ್ ಕಟ್ಟುತ್ತಿದ್ದರು. ರಾಜಮನೆತನ, ನಟಿಯರು, ಪಾದ್ರಿಗಳು, ಬಹುಮಾನ ಗೆದ್ದ ಎತ್ತು. ಓದುಗರ ಕೋಣೆಗೆ ಪೆನ್ನು ಒಯ್ಯೋ ಹಾಗಿಲ್ಲ, ಪೆನ್ಸಿಲ್ ಮಾತ್ರ.

ಹೆಂಗಸರ ವಿಷಯ ಯಾರೂ ಎತ್ತಿಲ್ಲ, ನಾನೇ ಎತ್ತುತ್ತೀನಿ. 1845ರಲ್ಲೇ ಜೇನ್ ವಿಗ್ಲಿ ಅನ್ನೋಳು ಬಿಯರ್ಡ್‌ನಿಂದ ಲೈಸೆನ್ಸ್ ಕೊಂಡು ನ್ಯೂಕಾಸಲ್‌ನಲ್ಲಿ ಸ್ಟುಡಿಯೊ ನಡೆಸಿದ್ದಳು. ಎಡ್ವರ್ಡ್ ಕಾಲಕ್ಕೆ ಬಂದರೆ ಗೋವರ್ ಸ್ಟ್ರೀಟಿನ ಆಲಿಸ್ ಹ್ಯೂಸ್ ಹೆಂಗಸರು-ಮಕ್ಕಳ ಪಟ ಮಾತ್ರ ತೆಗೀತೀನಿ ಅಂತ ಹೇಳಿಯೇ ಅರವತ್ತರ ತನಕ ಹೆಂಗಸರಿಗೆ ಕೆಲಸ ಕೊಟ್ಟವಳು. ಇವರು ಹೆಸರು ಮಾಡಿದವರು. ಮಿಕ್ಕವರು ಜನಗಣತಿಯಲ್ಲಿ ‘ಹೆಂಡತಿ’. ಕಸುಬಿನ ಕಾಲಂ ಖಾಲಿ. ಪಟಕ್ಕೆ ಬಣ್ಣ ಹಚ್ಚಿದ್ದು, ಗಿರಾಕಿ ಮಗುವನ್ನು ನಗಿಸಿದ್ದು, ಲೆಕ್ಕ ಬರೆದದ್ದು ಆಕೆಯೇ. ಗಂಡ ಸತ್ತ ಮೇಲೆ ಅದೇ ಬೋರ್ಡಿನ ಕೆಳಗೆ ಅಂಗಡಿ ನಡೆಸಿದ ವಿಧವೆಯರು ಬೇಕಾದಷ್ಟು. ನಿಮ್ಮ ಡರ್ಬಿಶೈರಿನವನ ಹೆಂಡತಿಯನ್ನೂ ಜೊತೆಗೇ ಹುಡುಕಿ.

ದಂಡುಪ್ರದೇಶ

ಬೆಂಗಳೂರಿನ ಕಾರ್ಡಿಗೆ ಬರೋಣ. ಬಾರ್ಟನ್ ಸನ್ ಅಂಡ್ ಕಂಪನಿಯ ಪಟಗಳನ್ನು ನಾನೂ ನೋಡಿದ್ದೀನಿ. ಇವರ ಗಿರಾಕಿಗಳಲ್ಲಿ ದಂಡಿನ ರೆಜಿಮೆಂಟ್‌ನವರೂ ಇದ್ದರು. ಸೋಲ್ಜರ್ ಪಟ ತೆಗೆಸಿ ಊರಿಗೆ ಕಳಿಸುತ್ತಿದ್ದ, ಹಾಗಾಗಿ ನಮ್ಮೂರಿನ ಸ್ಟುಡಿಯೊ ಪಟಗಳು ನಮ್ಮೂರಿಗಿಂತ ಇಂಗ್ಲೆಂಡಿನ ಅಟ್ಟಗಳಲ್ಲೇ ಜಾಸ್ತಿ. ನಿಮ್ಮದು ಸಂತೆಗೆ ಬಂದದ್ದೂ ಹಾಗೇ ಇರಬೇಕು.

ಹುಡುಕೋ ದಾರಿ ಇಲ್ಲಿ ಬೇರೆ. 1881ರ ಇಂಗ್ಲೆಂಡಿನ ಜನಗಣತಿಯಲ್ಲಿ ಮನೆಮನೆಯ ಹೆಸರು ಸಿಗುತ್ತದೆ, ನಮ್ಮಲ್ಲಿ ಆ ಕಾಲದ ಎಣಿಕೆ ಹಾಳೆಗಳು ಹಾಗೆ ಉಳಿದಿಲ್ಲ, ಅಂಕಿಗಳಷ್ಟೇ ಉಳಿದಿವೆ. ಅದರ ಬದಲು ಎರಡು ಕಡೆ ನೋಡಿ. ಒಂದು, ವಾರ್ಷಿಕ ಡೈರೆಕ್ಟರಿಗಳು. ದಕ್ಷಿಣಕ್ಕೆ ಮದ್ರಾಸಿನ ‘ಅಸೈಲಂ ಪ್ರೆಸ್ ಆಲ್ಮನಾಕ್’, ದೇಶಕ್ಕೆಲ್ಲ ‘ಥ್ಯಾಕರ್ಸ್’. ಎರಡು, ಚರ್ಚಿನ ದಾಖಲೆ. ದಂಡಿನಲ್ಲಿ ಆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರದ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಅನ್ನೋದು ಮದ್ರಾಸ್ ಸರಣಿ. ಫಿಬಿಸ್ ಅನ್ನೋ ಸಂಘದವರು ಬ್ರಿಟಿಷ್ ಇಂಡಿಯಾ ಕುಟುಂಬಗಳ ಸೂಚಿಯನ್ನು ಉಚಿತವಾಗಿ ಹಾಕಿದ್ದಾರೆ, ಮೊದಲು ಅಲ್ಲಿ ತಡಕಿ. ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ಅಪ್ಪನ ಕಸುಬು ‘ಫೋಟೊಗ್ರಾಫರ್’ ಅಂತ ಇದ್ದರೆ ಅದೇ ನಿಮ್ಮ ಹಿಡಿ.

ಇಲ್ಲಿ ನನಗೊಂದು ತಕರಾರಿದೆ. ಈ ಕಡತಗಳಲ್ಲಿ ಸಿಗೋದು ಬಾರ್ಟನ್ ಅಂಥವರ ಕುಟುಂಬ. ಗಾಜು ತೊಳೆದವರು, ಮಾಳಿಗೆ ಮೇಲೆ ಬಿಸಿಲಿಗೆ ಚೌಕಟ್ಟು ತಿರುಗಿಸಿದವರು, ತೆರೆಗೆ ಬಣ್ಣ ಬಳಿದವರು ತಮಿಳು, ಕನ್ನಡ, ಉರ್ದು ಮಾತಾಡುವ ಬೆಂಗಳೂರಿನವರೇ ಇದ್ದಿರಬೇಕು, ಅವರ ಹೆಸರು ಕಾರ್ಡಿನ ಮೇಲಂತೂ ಇಲ್ಲ, ಆಲ್ಮನಾಕ್‌ನಲ್ಲೂ ಕಾಣೋದು ಅಪರೂಪ. ಲಾಲಾ ದೀನ್ ದಯಾಳ್ ಹೊರತು ಆ ಪೀಳಿಗೆಯ ಎಷ್ಟು ಭಾರತೀಯ ಫೋಟೊಗ್ರಾಫರ್‌ಗಳ ಬದುಕು ನಮಗೆ ಪೂರ್ತಿ ಗೊತ್ತು? ಅವರೂ ಹೈದರಾಬಾದಿನ ನಿಜಾಮರಿಂದ ಬಿರುದು, ರಾಣಿಯಿಂದ ವಾರಂಟ್ ಪಡೆದದ್ದಕ್ಕೆ ಗೊತ್ತು. ಅವರು 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದು ಅದರ ಉಸ್ತುವಾರಿಯನ್ನು ಒಬ್ಬ ಇಂಗ್ಲಿಷ್ ಮಹಿಳೆಗೆ ವಹಿಸಿದ್ದರು. ಕ್ಯೂ ಮೇಡಂ, ಇದು ನಿಮ್ಮ ಪಟ್ಟಿಗೆ.

@ನಾಟಿಂಗ್‌ಹ್ಯಾಮ್_ಮಲೆನಾಡು ನೀವಿರೋ ಊರಲ್ಲೇ ಬಾಳಿದವನು ಫೋಟೊಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್, ಗೊತ್ತೇ? ಅಲ್ಲೊಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. 1863ರಲ್ಲಿ ಕಲ್ಕತ್ತೆಗೆ ಬಂದು ಇಳಿದ, ಶಿಮ್ಲಾದಲ್ಲಿ ಪಾಲುದಾರಿಕೆ, ಹಿಮಾಲಯದ ಪ್ರವಾಸ, ‘ಬೋರ್ನ್ ಅಂಡ್ ಶೆಫರ್ಡ್’ ಅನ್ನೋ ದೊಡ್ಡ ಹೆಸರು. ಏಳೆಂಟು ವರ್ಷಕ್ಕೇ ನಾಟಿಂಗ್‌ಹ್ಯಾಮಿಗೆ ಹಿಂತಿರುಗಿ ಹತ್ತಿ ನೂಲಿನ ವ್ಯಾಪಾರ ಹಿಡಿದ, 1912ರಲ್ಲಿ ಅಲ್ಲೇ ತೀರಿಕೊಂಡ. ಕಲ್ಕತ್ತೆಯ ಅಂಗಡಿ ಮಾತ್ರ ಅವನ ಹೆಸರಿನಲ್ಲೇ 2016ರವರೆಗೂ ಬಾಗಿಲು ತೆರೆದಿತ್ತು. 1911ರ ದೆಹಲಿ ದರ್ಬಾರಿನ ಪಟ ತೋರಿಸಿ ‘ಬೋರ್ನ್ ತೆಗೆದದ್ದು’ ಅನ್ನೋರು ಇವತ್ತಿಗೂ ಇದ್ದಾರೆ.

ನಾಟಿಂಗ್‌ಹ್ಯಾಮ್_ಮಲೆನಾಡು

ಇಷ್ಟು ದಿನ ಸುಮ್ಮನಿದ್ದೆ, ಕೆಲಸ ಮಾಡ್ತಿದ್ದೆ. ನಮ್ಮೂರ ಗ್ರಂಥಾಲಯದ ಸದಸ್ಯರಿಗೆ ಹಳೇ ಪತ್ರಿಕೆಗಳ ಸಂಗ್ರಹವೂ ವಂಶಾವಳಿ ಜಾಲತಾಣವೂ ಅಲ್ಲಿನ ಕಂಪ್ಯೂಟರಿನಲ್ಲಿ ಉಚಿತ ಅಂತ ಗೊತ್ತಾಯಿತು. ನಾನು ದುಡ್ಡು ಕಟ್ಟೋಕೆ ಹೊರಟಿದ್ದೆ!

ಸರೋನಿ ಕಾರ್ಡಿನ ಮೂಲೆ ದುಂಡಗಿದೆ, ರಟ್ಟು ದಪ್ಪ. ಹಾಗಾದರೆ ಆಲಿವರ್ ಕೊನೆಗಾಲದ್ದೋ, ಹೋದ ಮೇಲಿನದ್ದೋ. ಅದನ್ನು ಅಲ್ಲಿಗೆ ಬಿಟ್ಟಿದ್ದೀನಿ. ಸೋಲ್ಜರ್ ಕಾಲ ಹಿಂದೆ ಕಬ್ಬಿಣದ ಪಾದ ಇಲ್ಲ, ಧಾರವಾಡದವರೇ. ಅವನ ಭುಜಪಟ್ಟಿ ಸ್ಕ್ಯಾನ್ ಮಾಡಿ ರೆಜಿಮೆಂಟ್ ಬಲ್ಲವರಿಗೆ ಕಳಿಸಿದ್ದೀನಿ.

ಡರ್ಬಿಶೈರಿನವನು ಸಿಕ್ಕಿದ. ವಿಳಾಸ ಹಿಡಿದೇ ಸಿಕ್ಕಿದ್ದು. 1861ರ ಜನಗಣತಿಯಲ್ಲಿ ಅವನು ಗೋಡೆಗೆ ಬಣ್ಣ ಬಳಿಯುವವ, ಕಿಟಕಿಗೆ ಗಾಜು ಕೂರಿಸುವವ. ಹೆಂಡತಿ, ಎರಡು ಮಕ್ಕಳು, ಬಾಡಿಗೆಗಿದ್ದ ಒಬ್ಬ ಚಮ್ಮಾರ. 1871ರಲ್ಲಿ ಮುಖ್ಯ ಬೀದಿಯ ಆ ವಿಳಾಸದಲ್ಲಿ ‘ಫೋಟೊಗ್ರಾಫರ್’. ಗಾಜು ಕೊಯ್ಯೋಕೆ, ಗಾಜಿನ ಮಾಳಿಗೆ ಕಟ್ಟೋಕೆ ಗೊತ್ತಿದ್ದವನು, ಅರ್ಧ ಕಸುಬು ಕೈಯಲ್ಲೇ ಇತ್ತು ಅನ್ನಿಸುತ್ತದೆ. ಡೈರೆಕ್ಟರಿಯಲ್ಲಿ ಆಮೇಲೆ ‘ಫೋಟೊಗ್ರಾಫರ್, ಚೌಕಟ್ಟು ಹಾಕುವವ, ತಂಬಾಕು ವ್ಯಾಪಾರಿ’ ಅಂತ ಬರುತ್ತದೆ. ತಂಬಾಕು ಸೇರಿಕೊಂಡಾಗಲೇ ನನಗೆ ಕಥೆ ಎತ್ತ ಹೋಗ್ತಿದೆ ಅಂತ ಗೊತ್ತಾಯಿತು. ಗೆಜೆಟ್‌ನಲ್ಲಿ ಒಂದು ಪ್ರಕಟಣೆ, ಸಾಲಗಾರರ ಸಭೆಗೆ ಕರೆ. ಸ್ಥಳೀಯ ಪತ್ರಿಕೆಯಲ್ಲಿ ಹರಾಜಿನ ಜಾಹೀರಾತು: ಕ್ಯಾಮೆರಾ, ಲೆನ್ಸು, ತಲೆ ಹಿಡಿಯುವ ಚಿಮಟ, ಚಿತ್ರ ಬರೆದ ತೆರೆಗಳು, ಒಂದು ‘ಹಳ್ಳಿಯ ಮೆಟ್ಟಿಲು’, ಪಿಯಾನೊ, ಮತ್ತು ನೆಗೆಟಿವ್ ಗಾಜು ‘ಒಟ್ಟಾಗಿ’. ನನ್ನ ಕಾರ್ಡನ್ನು ಮತ್ತೆ ತೆಗೆದು ನೋಡಿದೆ. ಪಟದಲ್ಲಿರೋ ಹೆಂಗಸು ಕೈಯಿಟ್ಟಿರೋದು ಮರದ ಬೇಲಿಯ ಮೆಟ್ಟಿಲಿನ ಮೇಲೆ. ಹರಾಜಾದದ್ದು ಇದೇ ಇರಬೇಕು.

ಅಲ್ಲಿಗೆ ದಾರಿ ಕಟ್. 1881ರಲ್ಲಿ ಅವನು ಯಾವ ಊರಲ್ಲೂ ಇಲ್ಲ. ಸಾವಿನ ಸೂಚಿಯಲ್ಲಿ ಅದೇ ಹೆಸರಿನವರು ನಾಲ್ಕಾರು ಜನ ಬರ್ತಾರೆ, ಯಾರೂ ಅವನೇ ಅಂತ ಹೇಳೋ ಹಾಗಿಲ್ಲ. ಒಬ್ಬರ ಜಾಲದ ವಂಶವೃಕ್ಷದಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಅಂತ ಹಾಕಿದ್ದಾರೆ, ಆಧಾರ ಏನೂ ಇಲ್ಲ.

ಗೆಜೆಟ್‌ಹುಳ

ಭೇಷ್. ಆಸ್ಟ್ರೇಲಿಯಾವನ್ನು ಪಕ್ಕಕ್ಕಿಡಿ. ಆಧಾರ ಇಲ್ಲದ ಮರದಿಂದ ನಕಲು ಹೊಡೆದ ಮರಗಳು ನೂರಿರುತ್ತವೆ, ಎಲ್ಲವೂ ಒಂದೇ ಸುಳ್ಳನ್ನು ಹೇಳುತ್ತವೆ.

ದಿವಾಳಿ ಎದ್ದವರು ಸಾಮಾನ್ಯವಾಗಿ ದೂರ ಓಡುವುದಿಲ್ಲ, ಇನ್ನೊಬ್ಬರ ಸ್ಟುಡಿಯೊದಲ್ಲಿ ಸಂಬಳಕ್ಕೆ ಸೇರುತ್ತಾರೆ. ಡರ್ಬಿ, ಶೆಫೀಲ್ಡ್, ಮ್ಯಾಂಚೆಸ್ಟರಿನಲ್ಲಿ ‘ಫೋಟೊಗ್ರಾಫರ್‌ನ ಸಹಾಯಕ’, ‘ಪ್ರಿಂಟರ್’ ಅಂತ ಹುಡುಕಿ. ವಯಸ್ಸು ಮತ್ತು ಹುಟ್ಟಿದ ಊರು ಮಾತ್ರ ಹಾಕಿ, ಹೆಸರಿನ ಜಾಗ ಖಾಲಿ ಬಿಡಿ. ಗಣತಿ ಪುಸ್ತಕದ ಕೈಬರಹ ಓದಿ ಸೂಚಿ ಮಾಡಿದವರು ಹೆಸರನ್ನು ಏನೇನೋ ಓದಿರುತ್ತಾರೆ.

ಡಾರ್ಕ್‌ರೂಮ್_ಧಾರವಾಡ

ಹರಾಜಿನಾಗ ಪಿಯಾನೊ ಹೋತು ಅಂದ್ರ ಮನಿ ಮಂದಿ ಮರ್ಯಾದಿನೂ ಹೋತು ಅಂತ ತಿಳ್ಕೋರಿ. ಆದ್ರ ಲೆನ್ಸು ಯಾರು ತಗೊಂಡ್ರು ಅಂತ ಪತ್ರಿಕೆಯೊಳಗ ಬಂದಿರ್ತದೇನು ನೋಡ್ರಿ. ಆ ಕಾಲದಾಗ ಒಳ್ಳೆ ಪೋರ್ಟ್ರೇಟ್ ಲೆನ್ಸು ಸ್ಟುಡಿಯೊದೊಳಗ ಎಲ್ಲಾದ್ಕಿಂತ ತುಟ್ಟಿ ಸಾಮಾನು. ಮಗ್ಗಲ ಊರಿನ ಫೋಟೊಗ್ರಾಫರನ ತಗೊಂಡಿರ್ತಾನ, ಇವನನ್ನೂ ಕೆಲಸಕ್ಕ ಇಟ್ಕೊಂಡಿರಬಹುದು.

ಕ್ಯೂ_ಪೆನ್ಸಿಲ್

ಹೆಂಡತಿ ಏನಾದಳು ಅಂತ ಬರೆಯಲೇ ಇಲ್ಲವಲ್ಲ?

ನಾಟಿಂಗ್‌ಹ್ಯಾಮ್_ಮಲೆನಾಡು

ಅವಳನ್ನು ಬೇರೆಯಾಗಿ ಹುಡುಕಿರಲಿಲ್ಲ. ನಿಮ್ಮ ಮಾತು ಓದಿ ಈಗ ನೋಡಿದೆ. 1881ರಲ್ಲಿ ಅದೇ ಊರು, ಅದೇ ಬೀದಿ, ನಾಲ್ಕು ಮನೆ ಆಚೆ. ಅದೇ ಮೊದಲ ಹೆಸರು, ವಯಸ್ಸು ತಾಳೆಯಾಗುತ್ತದೆ, ಹುಟ್ಟಿದ ಹಳ್ಳಿ ತಾಳೆಯಾಗುತ್ತದೆ, ಇಬ್ಬರು ಮಕ್ಕಳ ಹೆಸರೂ ಸರಿ. ಮನೆತನದ ಹೆಸರು ಮಾತ್ರ ಬೇರೆ. ಗಂಡ ಅಂತ ಇರೋದು ಆ ಹಿಂದೆ ಬಾಡಿಗೆಗಿದ್ದ ಚಮ್ಮಾರ. ಮಕ್ಕಳನ್ನು ‘ಮಲಮಕ್ಕಳು’ ಅಂತ ಬರೆದಿದ್ದಾರೆ. ದೊಡ್ಡ ಮಗಳ ಕಸುಬು ‘ಫೋಟೊ ಬಣ್ಣಗಾರ್ತಿ’.

ಕುಡ್ಲದ_ಮೀನು

ಅಯ್ಯೋ ದೇವರೇ! ಚಮ್ಮಾರನಾ?!

ಗೆಜೆಟ್‌ಹುಳ

ಮದುವೆ ದಾಖಲೆ ತರಿಸಿ. 1871ರಿಂದ 1881ರ ನಡುವೆ ಎಲ್ಲೋ ಇರಬೇಕು. ಆಕೆಯ ಸ್ಥಿತಿ ‘ವಿಧವೆ’ ಅಂತಿದ್ದರೆ, ಮೂರು ಮೂರು ತಿಂಗಳಿಗೆ ಮಾಡಿದ ಸಾವಿನ ಸೂಚಿಗಳಲ್ಲಿ ಮದುವೆಗೆ ಹಿಂದಿನವನ್ನು ತೆಗೆದು ಆ ಜಿಲ್ಲೆಯ ಸಾವು ಮಾತ್ರ ನೋಡಿದರೆ ಸಾಕು, ನಾಲ್ಕಾರು ಹೆಸರುಗಳು ಒಂದಕ್ಕೆ ಇಳಿಯುತ್ತವೆ. ಮದುವೆಯೇ ಸಿಗದಿದ್ದರೆ ಗಂಡ ಬದುಕಿದ್ದ ಅನ್ನೋ ಅನುಮಾನ ಬಲವಾಗುತ್ತದೆ, ಆಗ ಶೆಫೀಲ್ಡ್ ಕಡೆ ಹೊರಡಿ. ಬಡವರಿಗೆ ಆಗ ವಿಚ್ಛೇದನ ಕೈಗೆಟುಕುತ್ತಿರಲಿಲ್ಲ, ಎಷ್ಟೋ ಜನ ಮದುವೆ ಇಲ್ಲದೆಯೇ ಗಂಡ-ಹೆಂಡತಿ ಅಂತ ಬರೆಸುತ್ತಿದ್ದರು.

ಕ್ಯೂ_ಪೆನ್ಸಿಲ್

ಮಗಳ ಹಿಂದೆಯೂ ಹೋಗಿ. ಊರಲ್ಲಿ ಬಣ್ಣ ಹಚ್ಚೋ ಕೆಲಸ ಇತ್ತು ಅಂದರೆ ಸ್ಟುಡಿಯೊ ಇನ್ನೊಂದು ಇತ್ತು ಅಂತಾಯಿತು. 1911ರ ಹೊತ್ತಿಗೆ ಬದುಕಿದ್ದು ಮನೆಯ ಯಜಮಾನಿಯೇ ಆಗಿದ್ದರೆ ಆ ವರ್ಷದ ಗಣತಿ ಹಾಳೆ ಅವಳ ಕೈಬರಹದಲ್ಲೇ ಸಿಗಬಹುದು. ಈ ಗುರುವಾರ ಕ್ಯೂಗೆ ಹೋಗ್ತಿದ್ದೀನಿ, ಅಪ್ಪನ ಹೆಸರು ಖಾಸಗಿ ಸಂದೇಶದಲ್ಲಿ ಕಳಿಸಿ, ಕಾಪಿ 1ರ ಸೂಚಿಯಲ್ಲಿ ನೋಡಿಬಿಡ್ತೀನಿ.

ನಾಟಿಂಗ್‌ಹ್ಯಾಮ್_ಮಲೆನಾಡು

ಕಳಿಸಿದೆ ಮೇಡಂ. ಮದುವೆ ದಾಖಲೆಗೂ ಅರ್ಜಿ ಹಾಕಿದೆ. ಕಾರ್ಡಿನ ಹಿಂದುಮುಂದು ಎರಡನ್ನೂ ಸ್ಕ್ಯಾನ್ ಮಾಡಿ ಇಲ್ಲೇ ಹಾಕ್ತೀನಿ. ಕೆನ್ನೆಗೆ ತೆಳುವಾಗಿ ಗುಲಾಬಿ ಬಣ್ಣ ಹಚ್ಚಿದ್ದಾರೆ, ಅದು ಕಾಣೋ ಹಾಗೆ ದೊಡ್ಡದಾಗಿಯೇ ಹಾಕ್ತೀನಿ.